ಶಿವಯೋಗಿ ಸಿದ್ಧರಾಮೇಶ್ವರರ ಕಣ್ಣೀರು

ರಾವೂರ, ವಾಡಿ, ಶಹಾಬಾದ, ಚಿತ್ತಾಪುರ ಇವೆಲ್ಲವೂ ಕಲ್ಲಿನ ಸೀಮೆಯ ಊರುಗಳು. ಮೇಲಿನ ಮಣ್ಣನ್ನು ತೆಗೆದರೆ ಹಾಸುಹಾಸಾಗಿ ಫರಸಿಗಲ್ಲು ದೊರೆಯುವುದು. ಗಣಿಯಲ್ಲಿ ದುಡಿಯುವ ಗಂಡಸು ಕಣ್ಣೊರೆಸಿಕೊಂಡನೆಂದರೆ ಕಲ್ಲಿನ ಪುಡಿ ಬಿದ್ದಿತೆಂದು ಹೇಳುವನು. ಹಲವು ವೇಳೆ ಅದು ನಿಜವೂ ಅಹುದು. ಕೆಲವು ವೇಳೆ ಅಲ್ಲ. ಮನೆಯಲ್ಲಿ ಒಬ್ಬರು ಲಿಂಗೈಕ್ಯರಾದರೆ ಹೆಣ್ಣುಮಕ್ಕಳು ಅವರ ಗುಣಗಳನ್ನು ಎಣಿಸಿ, ಹಾಡಿಕೊಂಡು ಅಳುವರು. ಗಂಡಸರಾದರೋ ವಿಮಾನವನ್ನು ಕಟ್ಟುವುದರಲ್ಲಿ, ಸಮಾಧಿಯ ಗುಣಿಯನ್ನು ತೆಗೆಸುವುದರಲ್ಲಿ, ಭಜನೆಯ ತಾಳ ಹಿಡಿಯುವುದರಲ್ಲಿ ತಮ್ಮನ್ನು ತೊಡಗಿಸಿಕೊಳ್ಳುವರು. ಬೆಳೆದ ಮಗನನ್ನು ಮಣ್ಣಿಗಿಟ್ಟು ಬಂದ ತಂದೆಯು ಹಿತ್ತಲಿಗೆ ಹೋಗಿ, ಬಹಳ ಹೊತ್ತು ಮುಖ ತೊಳೆದುಕೊಂಡು ಬಂದು, ಬಂದವರಿಗೆ ಚಹಾ ಆಯಿತೇ ಎಂದು ವಿಚಾರಿಸುವನು. ಲಿಂಗವಂತನಿಗೆ ಸಾವಿನ ಶೋಕವು ಸಲ್ಲದೆಂಬ ಮಾತೂ, ಗಂಡಸಾದವನು ಅಳಬಾರದೆಂಬ ಮಾತೂ ಒಟ್ಟುಗೂಡಿ ಅವನ ಕೊರಳನ್ನು ಹಿಡಿದಿರುವುವು. ತನ್ನ ಕಣ್ಣೀರು ಭಕ್ತಿಯ ಕೊರತೆಯೇ ಇರಬಹುದೆಂಬ ಅಳುಕು ಅವನಿಗೆ ಮಗನು ಹೋದ ದುಃಖಕ್ಕಿಂತ ಬೇರೆಯಾದ ಇನ್ನೊಂದು ದುಃಖವಾಗುವುದು.

ಈ ಸೀಮೆಯ ಭಕ್ತರು ಯುಗಾದಿಗೆ ಕಾಲುನಡೆಯಿಂದ ಶ್ರೀಶೈಲಕ್ಕೆ ಹೋಗುವರು. ಮಕರಸಂಕ್ರಾಂತಿಗೆ ಸೊಲ್ಲಾಪುರದ ಜಾತ್ರೆಗೆ ಹೋಗುವರು. ಈ ಎರಡು ಸ್ಥಳಗಳನ್ನು ಒಂದಕ್ಕೊಂದು ಬೆಸೆದುದು ಅಳುತ್ತ ನಡೆದ ಒಬ್ಬ ಬಾಲಕನ ಹೆಜ್ಜೆಗಳೆಂಬುದನ್ನು ಆ ಯಾತ್ರಿಕರಲ್ಲಿ ಎಷ್ಟು ಜನರು ನೆನೆಯುವರೋ! ಆ ಬಾಲಕನೇ ಮುಂದೆ ಕಾಯಕಕ್ಕೂ ಯೋಗಕ್ಕೂ ಹೆಸರಾದ ಶಿವಯೋಗಿ ಸಿದ್ಧರಾಮೇಶ್ವರರು.

ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯೆಂದು ಕರೆಯಲ್ಪಡುತ್ತಿದ್ದ ಇಂದಿನ ಸೊಲ್ಲಾಪುರದಲ್ಲಿ ಮುದ್ದುಗೌಡ ಮತ್ತು ಸುಗ್ಗವ್ವೆ ಎಂಬ ದಂಪತಿಗಳ ಉದರದಲ್ಲಿ ಅವರು ಜನಿಸಿದರು. ಅವರ ಚರಿತ್ರೆಯನ್ನು ಮುಂದಿನ ಶತಮಾನದಲ್ಲಿ ಹರಿಹರನ ಸೋದರಳಿಯನಾದ ರಾಘವಾಂಕನು ಷಟ್ಪದಿಯಲ್ಲಿ ಬರೆದನು. ಆ ಕಾವ್ಯವೂ, ಅದನ್ನು ಕೇಳಿ ಬೆಳೆದ ಜನರ ನೆನಪೂ ಹೇಳುವಂತೆ ಬಾಲಕನು ಮಾತು ಕಡಿಮೆಯವನು, ಆಟಪಾಠಗಳಲ್ಲಿ ಮನವಿಡದವನು. ಊರವರು ಅವನನ್ನು ಮಂಕನೆಂದು ತಿಳಿದರು. ಯಾವ ಕೆಲಸಕ್ಕೂ ಬಾರದ ಹುಡುಗನಿಗೆ ಹಳ್ಳಿಯಲ್ಲಿ ಇರುವುದು ಒಂದೇ ಕೆಲಸ. ಅವನು ದನಕರುಗಳ ಹಿಂದೆ ಹೊಲಕ್ಕೆ ಹೋಗತೊಡಗಿದನು.

ಒಂದು ದಿನ ಹೊಲದ ಬದಿಗೆ ಜಂಗಮನೊಬ್ಬನು ಬಂದನು. ತನ್ನ ಹೆಸರು ಮಲ್ಲಯ್ಯನೆಂದೂ ತನ್ನ ಊರು ಶ್ರೀಶೈಲವೆಂದೂ ಹೇಳಿದನು. ಎಳೆಯ ತೆನೆಗಳನ್ನು ಬೇಡಿದನು. ಬಾಲಕನು ಕೊಟ್ಟನು. ತಿಂದ ಜಂಗಮನು ಹೊಟ್ಟೆಯುರಿಯುತ್ತಿದೆಯೆಂದೂ ಮಜ್ಜಿಗೆ ಕಲೆಸಿದ ಅನ್ನ ಬೇಕೆಂದೂ ಕೇಳಿದನು. ಈವರೆಗೆ ಯಾರೂ ಆ ಹುಡುಗನಿಂದ ಏನನ್ನೂ ಬೇಡಿದ್ದಿಲ್ಲ. ಅವನು ಮನೆಗೆ ಓಡಿದನು. ತಾಯಿಯಿಂದ ಅನ್ನವನ್ನು ಪಡೆದು, ಬಿಸಿಲಲ್ಲಿ ಹಿಂದಿರುಗಿ ಓಡಿಬಂದನು. ಬಂದು ನೋಡಿದರೆ ಮಲ್ಲಯ್ಯನಿರಲಿಲ್ಲ.

ಇಲ್ಲಿ ತುಸು ನಿಲ್ಲುವುದು ಯುಕ್ತವು. ಕೈಯಲ್ಲಿ ಅನ್ನವಿದೆ, ಉಣ್ಣುವವನಿಲ್ಲ. ತಡವಾಗಿ ಮನೆ ಸೇರಿದ ಗೃಹಸ್ಥರೆಲ್ಲರೂ ಅರಿತಿರುವ ಸಂಕಟವಿದು. ತಾಯಿಗೆಂದು ಪಟ್ಟಣದಿಂದ ಔಷಧವನ್ನು ಹಿಡಿದು ತಂದವನಿಗೆ ಬಾಗಿಲಲ್ಲಿಯೇ ಜನರು ನೆರೆದಿರುವುದು ಕಂಡಂತೆ. ಗಂಡಸರನ್ನು ಒಳಗಿನಿಂದ ಒಡೆಯುವುದು ಹೆಚ್ಚಾಗಿ ನೋವಲ್ಲ, ಪೆಟ್ಟಲ್ಲ, ಬಡತನವೂ ಅಲ್ಲ. ಕೊಡಬೇಕೆಂದಿದ್ದುದನ್ನು ಕೊಡಲಾಗದೆ ಉಳಿಯುವುದು. ದುಡಿದು ತಂದು ಕೊಡುವುದರಿಂದಲೇ ಪ್ರೀತಿಯನ್ನು ತೋರಿಸಲು ಕಲಿತವರಿಗೆ, ಕೊಳ್ಳುವ ಕೈ ಇಲ್ಲದಾದಾಗ ಪ್ರೀತಿಯನ್ನು ಇರಿಸಲು ಬೇರೆ ಸ್ಥಳವೇ ಇರುವುದಿಲ್ಲ.

ಬಾಲಕನು ಅತ್ತನು. ಹೊಲದಿಂದ ಹೊಲಕ್ಕೆ ಮಲ್ಲಯ್ಯನ ಹೆಸರನ್ನು ಕೂಗುತ್ತ ಅತ್ತನು. ಮಾತು ಬಾರದವನೆಂದು ಊರು ತಿಳಿದಿದ್ದ ಹುಡುಗನ ದನಿಯನ್ನು ಆ ದಿನ ಹೊಲಗದ್ದೆಗಳೆಲ್ಲವೂ ಕೇಳಿದುವು. ಶ್ರೀಶೈಲಕ್ಕೆ ಹೋಗುತ್ತಿದ್ದ ಯಾತ್ರಿಕರು ಕಂಡು, ಕಾರಣವನ್ನು ವಿಚಾರಿಸಿ, ಮಲ್ಲಯ್ಯನನ್ನು ತೋರಿಸುವೆವೆಂದು ಅವನನ್ನು ಕರೆದುಕೊಂಡು ಹೋದರು. ಮನೆಯಲ್ಲಿ ಮುದ್ದುಗೌಡ ಸುಗ್ಗವ್ವೆಯರು ಹೇಗಿದ್ದಿರಬಹುದೆಂಬುದನ್ನು ಮಕ್ಕಳೊಂದಿಗರಾದ ವಾಚಕರು ತಾವೇ ಊಹಿಸಿಕೊಳ್ಳಬಲ್ಲರು. ಸೊನ್ನಲಿಗೆಯಿಂದ ಶ್ರೀಶೈಲವು ಇನ್ನೂರು ಮೈಲಿಗೂ ಮಿಕ್ಕ ಹಾದಿಯು.

ಗಿರಿಯನ್ನೇರಿ ಯಾತ್ರಿಕರು ಗುಡಿಯೊಳಗಿನ ಜ್ಯೋತಿರ್ಲಿಂಗವನ್ನು ತೋರಿಸಿ, ಇವನೇ ಮಲ್ಲಯ್ಯನೆಂದರು. ಬಾಲಕನು ಒಪ್ಪಲಿಲ್ಲ. ತನ್ನೊಡನೆ ಮಾತಾಡಿದ, ತೆನೆಯನ್ನು ತಿಂದ, ಹಸಿದ ಮಲ್ಲಯ್ಯನು ಅವನಿಗೆ ಬೇಕಾಗಿದ್ದನು. ದೊಡ್ಡವರು ನಕ್ಕಿರಬೇಕು, ಕೆಲವರು ಗದರಿಯೂ ಇರಬೇಕು. ಅವನು ಗುಡಿಯನ್ನು ಬಿಟ್ಟು ಕಾಡಿನಲ್ಲಿ, ಬಂಡೆಗಳ ನಡುವೆ ಕೂಗುತ್ತ ಅಲೆದನು. ಕಡೆಗೆ ರುದ್ರಗಮ್ಮರಿಯೆಂಬ ಆಳವಾದ ಕಮರಿಯ ಅಂಚಿಗೆ ಬಂದು, ಮಲ್ಲಯ್ಯನಿಲ್ಲದ ಮೇಲೆ ತಾನೇಕೆಂದು ಧುಮುಕಲು ಸಿದ್ಧನಾದನು. ಆಗ ಮಲ್ಲಿಕಾರ್ಜುನನು ಪ್ರತ್ಯಕ್ಷನಾಗಿ ಅವನ ಕೈ ಹಿಡಿದನೆಂದು ಚರಿತ್ರೆಯು ಹೇಳುವುದು.

ಭಕ್ತಿಶಾಸ್ತ್ರದಲ್ಲಿ ಸ್ತಂಭ, ಸ್ವೇದ, ರೋಮಾಂಚ ಮುಂತಾದ ೮ ಸಾತ್ತ್ವಿಕ ಭಾವಗಳಲ್ಲಿ ಅಶ್ರುವೂ ಒಂದೆಂದು ಎಣಿಸಲ್ಪಟ್ಟಿದೆ. ಆದಕಾರಣ ಪೂಜಾಕಾಲದಲ್ಲಿ ಕಣ್ಣು ತುಂಬಿದ ಗಂಡಸನ್ನು ಯಾರೂ ಹಳಿಯುವುದಿಲ್ಲ. ಅದು ಆನಂದಬಾಷ್ಪವೆಂದು ಗೌರವಿಸುವರು. ಮನೆಯ ದುಃಖವನ್ನು ಹೊತ್ತುಕೊಂಡು ಮಠಕ್ಕೆ ಬಂದು, ಮಂಗಳಾರತಿಯ ಬೆಳಕಿನಲ್ಲಿ ಅತ್ತು, ಆನಂದಬಾಷ್ಪವೆಂಬ ಹೆಸರಿನ ಮರೆಯಲ್ಲಿ ಹಗುರಾಗಿ ಹೋಗುವವರು ಎಷ್ಟೋ ಮಂದಿ. ಅವರನ್ನು ಆಕ್ಷೇಪಿಸುವಂತಿಲ್ಲ. ಆದರೆ ಸೊನ್ನಲಿಗೆಯ ಬಾಲಕನ ಕಣ್ಣೀರು ಆ ಬಗೆಯದಲ್ಲವೆಂಬುದು ಗಮನಾರ್ಹವು. ಅದು ಕಳೆದುಕೊಂಡವನ ಅಳು, ಅದರಲ್ಲಿ ಆನಂದವಿರಲಿಲ್ಲ. ಅದಕ್ಕೇ ಮಲ್ಲಿಕಾರ್ಜುನನು ಒಲಿದು ಬಂದನು. ರಾಘವಾಂಕನು ಅದನ್ನು ಮುಚ್ಚಲಿಲ್ಲ, ಬಣ್ಣ ಬದಲಿಸಲಿಲ್ಲ. ಶ್ಮಶಾನದಲ್ಲಿ ಸ್ವಂತ ಹೆಂಡತಿಯಿಂದಲೂ ಸುಡುವ ತೆರೆಯನ್ನು ಕೇಳಿದ ಹರಿಶ್ಚಂದ್ರನ ಧೈರ್ಯವನ್ನು ಹಾಡಿದ ಕವಿಯೇ ಇವನೆಂಬುದನ್ನು ನೆನೆದರೆ, ಗಂಡುತನದ ಎರಡು ಬಗೆಗಳನ್ನೂ ಬಲ್ಲವನಾಗಿದ್ದನೆನ್ನಬೇಕು.

ಶರಣರಲ್ಲಿ ಅನೇಕರು ಶರಣಸತಿ ಲಿಂಗಪತಿ ಎಂಬ ಭಾವದಲ್ಲಿ ನಿಂತು, ಅಗಲಿದ ಪತಿಗಾಗಿ ಪರಿತಪಿಸುವ ಹೆಣ್ಣಿನ ದನಿಯಲ್ಲಿ ವಚನಗಳನ್ನು ಬರೆದಿರುವರು. ಉರಿಲಿಂಗದೇವರ ವಚನಗಳು ಇದಕ್ಕೆ ಹೆಸರಾಗಿವೆ. ತತ್ತ್ವವು ದೊಡ್ಡದು, ಸಂದೇಹವಿಲ್ಲ. ಆದರೂ, ಹೆಣ್ಣಾಗಿ ನಿಂತಲ್ಲಿ ಅಳುವುದು ಗಂಡಸಿಗೆ ಸುಲಭವಾಯಿತೇನೋ ಎಂಬ ಯೋಚನೆಯು ಒಮ್ಮೊಮ್ಮೆ ಸುಳಿಯದಿರದು. ದನಗಾಹಿ ಹುಡುಗನಿಗೆ ಅಂಥ ಯಾವ ಆವರಣವೂ ಇರಲಿಲ್ಲ.

ಮಲ್ಲಿಕಾರ್ಜುನನ ಅಪ್ಪಣೆಯನ್ನು ಪಡೆದು ಸಿದ್ಧರಾಮರು ಸೊನ್ನಲಿಗೆಗೆ ಮರಳಿದರು. ಊರಿನಲ್ಲಿ ಲಿಂಗಗಳನ್ನು ಪ್ರತಿಷ್ಠಾಪಿಸಿದರು. ಅಲ್ಲಿ ಅಂಥ ೬೮ ಲಿಂಗಗಳನ್ನು ಇಂದಿಗೂ ಎಣಿಸಿ ತೋರಿಸುವರು. ಕೆರೆಯನ್ನು ಕಟ್ಟಿಸಿದರು. ಸಾವಿರಾರು ಜನ ಶಿಷ್ಯರು ಮಣ್ಣು ಹೊತ್ತರು, ಕಲ್ಲು ಹೊತ್ತರು. ಮಂಕನೆನಿಸಿದ್ದವನ ಮಾತಿಗೆ ಈಗ ಸೀಮೆಯೇ ತಲೆಬಾಗಿತು. ಕೀರ್ತಿಯು ಬಂದಲ್ಲಿ ಕಣ್ಣೀರು ಬತ್ತುವುದು ಲೋಕರೂಢಿಯು. ದೊಡ್ಡ ಮನೆತನದ ಯಜಮಾನನು, ಊರ ಗೌಡನು, ಸಾವಿರ ಜನರಿಗೆ ಹೇಳಿ ಮಾಡಿಸುವವನು ಯಾರ ಮುಂದೆ ಅತ್ತಾನು?

ಈ ಸ್ಥಿತಿಯಲ್ಲಿ ಅಲ್ಲಮಪ್ರಭುದೇವರು ಸೊನ್ನಲಿಗೆಗೆ ಬಂದರು. ಕೆರೆಯ ಕೆಲಸದವರ ಮುಂದೆ ನಿಂತು, ಅವರ ಗುರುವನ್ನು ಬೇಕೆಂದೇ ಹಗುರಾಗಿ ಹೆಸರಿಸಿದರು. ಶಿಷ್ಯರು ಸಿಟ್ಟಾಗಿ ಕಲ್ಲುಗಳನ್ನೆಸೆದರು. ಸುದ್ದಿಯನ್ನು ಕೇಳಿ ಬಂದ ಸಿದ್ಧರಾಮರು ಕೋಪದಿಂದ ಹಣೆಗಣ್ಣನ್ನು ತೆರೆದರು, ಬೆಂಕಿಯು ಹೊರಟಿತು. ಒಂದಾನೊಂದು ಕಾಲಕ್ಕೆ ಕಾಣದ ಮಲ್ಲಯ್ಯನಿಗಾಗಿ ನೀರನ್ನು ಸುರಿಸಿದವರು, ಎದುರಿಗೆ ಬಂದ ಜಂಗಮನ ಮೇಲೆ ಉರಿಯನ್ನು ಸುರಿಸಿದರು. ಅಳುವುದನ್ನು ಬಿಟ್ಟ ಗಂಡಸರಲ್ಲಿ ದುಃಖವು ಹೀಗೆ ಸಿಟ್ಟಿನ ವೇಷದಲ್ಲಿ ಹೊರಬರುವುದನ್ನು ಮನೆಮನೆಗಳಲ್ಲಿ ಹೆಂಡಿರು ಮಕ್ಕಳು ಬಲ್ಲರು. ಆ ಉರಿಗೆ ಬೇಯುವವರೂ ಅವರೇ. ಪ್ರಭುದೇವರ ಮೇಲೆ ಬೆಂಕಿಯು ಸಾಗಲಿಲ್ಲ. ಸಿದ್ಧರಾಮರಿಗೆ ತಮ್ಮೆದುರಿಗಿದ್ದವರು ಯಾರೆಂಬುದು ತಿಳಿಯಿತು.

ಅನಂತರದ ಸಂವಾದವು ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬಂದಿದೆ. ಕೆರೆಯೂ ಗುಡಿಯೂ ಒಳ್ಳೆಯವೇ. ಆದರೆ ಅವುಗಳನ್ನು ಮಾಡಿದೆನೆಂಬ ಭಾವವು ಒಳಗೆ ಕುಳಿತಿದ್ದರೆ ಅದು ಬಂಧನವೇ ಎಂಬುದು ಪ್ರಭುದೇವರ ವಾದದ ಸಾರವು. ಅವರು ಸಿದ್ಧರಾಮರನ್ನು ಕಲ್ಯಾಣಕ್ಕೆ ಕರೆತಂದರು. ಅಲ್ಲಿ ಮತ್ತೊಂದು ಪರೀಕ್ಷೆಯು ಕಾದಿತ್ತು. ಸಿದ್ಧರಾಮರ ಅಂಗದ ಮೇಲೆ ಇಷ್ಟಲಿಂಗವಿರಲಿಲ್ಲ. ಶರಣರ ಗೋಷ್ಠಿಯಲ್ಲಿ ಅದರ ಪ್ರಶ್ನೆಯೆದ್ದಿತು. ಅವರಿಗೆ ದೀಕ್ಷೆಯನ್ನು ಕೊಟ್ಟವರು ವಯಸ್ಸಿನಲ್ಲಿ ಬಹು ಕಿರಿಯರಾದ ಚೆನ್ನಬಸವಣ್ಣನವರು. ಸೀಮೆಗೇ ಗುರುವೆನಿಸಿದವರು ತರುಣನೊಬ್ಬನ ಮುಂದೆ, ನೆರೆದ ಸಭೆಯಲ್ಲಿ, ತಮಗೆ ತಿಳಿಯದಿದ್ದುದು ಇತ್ತೆಂದು ಒಪ್ಪಿ ಮಣಿದರು. ಕಾಡಿನಲ್ಲಿ ಅತ್ತುದಕ್ಕಿಂತ ಇದು ಕಠಿನವಾದುದು. ಅಲ್ಲಿ ನೋಡುವವರು ಯಾರೂ ಇರಲಿಲ್ಲ. ಇಲ್ಲಿ ಎಲ್ಲರೂ ನೋಡುತ್ತಿದ್ದರು.

ಒಪ್ಪಿದುದನ್ನು ಅವರು ಅಷ್ಟಕ್ಕೇ ಬಿಡಲಿಲ್ಲ. ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದ ಅವರ ವಚನಗಳು ಸಾವಿರಕ್ಕೂ ಮಿಕ್ಕು ದೊರೆತಿವೆ. ತಮ್ಮ ಹಿಂದಿನ ಅಜ್ಞಾನವನ್ನೂ, ಚೆನ್ನಬಸವಣ್ಣನವರಿಂದ ತಮಗಾದ ಉಪಕಾರವನ್ನೂ ಅವರು ಅವುಗಳಲ್ಲಿ ಮತ್ತೆ ಮತ್ತೆ ಹೇಳಿಕೊಂಡಿರುವರು. ಬೇರೆಯವರು ಬರೆದ ಚರಿತ್ರೆಯಲ್ಲಿ ಒಂದು ಕುಂದು ಕಂಡರೆ ಅದನ್ನು ಅಳಿಸಿಕೊಳ್ಳುವುದಕ್ಕೆ ಮನುಷ್ಯನು ಹೆಣಗುವನು. ಇವರು ತಮ್ಮ ಕುಂದನ್ನು ತಮ್ಮ ಕೈಯಿಂದಲೇ ಬರೆದಿಟ್ಟರು. ಫ. ಗು. ಹಳಕಟ್ಟಿಯವರಂಥ (೧೮೮೦–೧೯೬೪) ಹಿರಿಯರು ಮನೆಮನೆ ಅಲೆದು ತಾಳೆಯೋಲೆಗಳನ್ನು ಹುಡುಕದಿದ್ದರೆ ವಚನಗಳಲ್ಲಿ ಎಷ್ಟು ಗೆದ್ದಲಿಗೆ ಹೋಗುತ್ತಿದ್ದುವೋ!

ಸಿದ್ಧರಾಮರನ್ನು ಕಲ್ಯಾಣದ ಶರಣರು ಕೀಳುಮಾಡಿದರೇ? ಇಲ್ಲ. ಅಲ್ಲಮಪ್ರಭುದೇವರು, ಚೆನ್ನಬಸವಣ್ಣನವರು ಇವರ ತರುವಾಯ ಶೂನ್ಯಪೀಠವನ್ನೇರಿದ ಮೂರನೆಯವರು ಸಿದ್ಧರಾಮರೇ ಎಂದು ಪರಂಪರೆಯು ಎಣಿಸುವುದು.

ಕಲ್ಯಾಣವು ಚೆದರಿದ ಮೇಲೆ ಅವರು ಸೊನ್ನಲಿಗೆಗೆ ಮರಳಿ, ತಾವು ಕಟ್ಟಿಸಿದ ಕೆರೆಯ ನಡುವೆ ಸಮಾಧಿಸ್ಥರಾದರು. ಇಂದು ಸೊಲ್ಲಾಪುರವು ಮಹಾರಾಷ್ಟ್ರದಲ್ಲಿದ್ದರೂ ಕನ್ನಡಿಗರ ಹಾದಿಯು ನಿಂತಿಲ್ಲ. ಸಂಕ್ರಾಂತಿಯಲ್ಲಿ ಎತ್ತರದ ನಂದಿಧ್ವಜಗಳು ಹೊರಡುವಾಗ ವಾಡಿಯ ಕಡೆಯಿಂದ ರೈಲಿನಲ್ಲಿ ಬಂದ ಭಕ್ತರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿರುವರು. ಸಂಜೆ ಕೆರೆಯ ದಂಡೆಯಲ್ಲಿ ಬುತ್ತಿಯನ್ನು ಬಿಚ್ಚಿದಾಗ ಅಜ್ಜಂದಿರು ಮೊಮ್ಮಕ್ಕಳಿಗೆ ದನಗಾಹಿ ಹುಡುಗನ ಕಥೆಯನ್ನು ಹೇಳುವರು. ತೆನೆಯನ್ನು ತಿಂದ ಜಂಗಮನ ಮಾತು ಸಲೀಸಾಗಿ ಬರುವುದು. ಹುಡುಗನು ಮನೆಗೆ ಓಡಿದುದೂ ಬರುವುದು. ಅನ್ನವನ್ನು ಹಿಡಿದು ತಿರುಗಿ ಬಂದು, ಬರಿದಾದ ಹೊಲವನ್ನು ನೋಡಿದ ಕಡೆಗೆ ಬಂದಾಗ ಮುದುಕರ ದನಿಯು ತಡೆಯುವುದುಂಟು. ಮಕ್ಕಳಿಗೆ ಅದು ತಿಳಿಯದು. ಮುಂದೇನಾಯಿತು, ಮುಂದೇನಾಯಿತು ಎಂದು ಅವಸರಪಡಿಸುವರು.