ಮೊಲೊಕಾಯಿಯ ಬಡಗಿ ಪಾದ್ರಿ

ಪಾದ್ರಿಯೊಬ್ಬರ ಚರಿತ್ರೆಯನ್ನು ಹೇಳುವಾಗ ಅವರು ಮಾಡಿದ ಪ್ರವಚನಗಳನ್ನೂ ಬರೆದ ಗ್ರಂಥಗಳನ್ನೂ ಮುಂದಿಡುವುದು ವಾಡಿಕೆ. ಫಾದರ್ ಡೇಮಿಯನ್ನರ ವಿಷಯದಲ್ಲಿ ಮಾತ್ರ ನಾವು ಗರಗಸ, ಉಳಿ, ಗುದ್ದಲಿ ಮತ್ತು ಹುಣ್ಣಿಗೆ ಸುತ್ತುವ ಬಟ್ಟೆಯಿಂದಲೇ ತೊಡಗಬೇಕಾಗುತ್ತದೆ. ಶಾಂತಸಾಗರದ ನಡುವಣ ಹವಾಯಿ ದ್ವೀಪಗಳಲ್ಲಿ ಮೊಲೊಕಾಯಿ ಎಂಬುದೊಂದು ದ್ವೀಪ. ಅಲ್ಲಿನ ಕುಷ್ಠರೋಗಿಗಳ ನಡುವೆ ಹದಿನಾರು ವರ್ಷ ಬಾಳಿ, ಅದೇ ರೋಗ ತಗಲಿ ಅಲ್ಲಿಯೇ ಮಡಿದ ಈ ಬೆಲ್ಜಿಯಂ ದೇಶದ ಪಾದ್ರಿಯ ಹೆಸರು ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದದ್ದೇ. ಅವರ ದಿನಚರಿ ಹೇಗಿತ್ತೆಂಬುದು ಅಷ್ಟಾಗಿ ತಿಳಿದಿರಲಾರದು.

1840ರ ಜನವರಿ 3ರಂದು ಟ್ರೆಮೆಲೊ ಎಂಬ ಹಳ್ಳಿಯಲ್ಲಿ ಅವರು ಹುಟ್ಟಿದರು. ಮನೆಯವರು ಇಟ್ಟ ಹೆಸರು ಜೋಸೆಫ್. ತಂದೆ ಬೇಸಾಯಗಾರ, ಧಾನ್ಯದ ವ್ಯಾಪಾರವೂ ಇತ್ತು. ಮಗ ವ್ಯಾಪಾರವನ್ನು ನೋಡಿಕೊಳ್ಳಲಿ ಎಂಬುದು ತಂದೆಯ ಆಸೆ. ಆದರೆ ಅಣ್ಣ ಅದಾಗಲೇ ಸನ್ಯಾಸಿ ಸಭೆಯೊಂದನ್ನು ಸೇರಿ ಪಾಂಫಿಲ್ ಎನಿಸಿಕೊಂಡಿದ್ದರು. ತಮ್ಮನೂ 1859ರಲ್ಲಿ ಅದೇ ದಾರಿ ಹಿಡಿದರು. ಓದು ಸಾಲದೆಂದು ಅವರನ್ನು ಮೊದಲು ಕೆಲಸದ ಸಹೋದರನಾಗಿ ಮಾತ್ರ ಸೇರಿಸಿಕೊಂಡಿದ್ದರು. ಅಣ್ಣನಿಂದ ಲ್ಯಾಟಿನ್ ಕಲಿತ ಮೇಲೆ ಪಾದ್ರಿಯಾಗುವ ವ್ಯಾಸಂಗಕ್ಕೆ ಅವಕಾಶ ದೊರೆಯಿತು. 1863ರಲ್ಲಿ ಹವಾಯಿಗೆ ಹೊರಡಬೇಕಿದ್ದ ಅಣ್ಣ ರೋಗಿಗಳ ಶುಶ್ರೂಷೆಯಲ್ಲಿ ಟೈಫಸ್ ಜ್ವರ ತಗಲಿ ಮಲಗಿದಾಗ, ಆ ಸ್ಥಾನಕ್ಕೆ ತನ್ನನ್ನು ಕಳುಹಿಸಿ ಎಂದು ತಮ್ಮ ನೇರವಾಗಿ ಪ್ಯಾರಿಸಿನ ಹಿರಿಯರಿಗೇ ಪತ್ರ ಬರೆದರು. ಸ್ಥಳೀಯ ಮೇಲಧಿಕಾರಿಗಳನ್ನು ದಾಟಿ ಹೋಗುವ ಈ ಚಾಳಿ ಅವರನ್ನು ಕೊನೆಯ ತನಕ ಬಿಡಲಿಲ್ಲ.

1864ರ ಮಾರ್ಚಿಯಲ್ಲಿ ಹೊನೊಲುಲು ತಲುಪಿದರು. ಮೇ ತಿಂಗಳಲ್ಲಿ ಗುರುದೀಕ್ಷೆಯಾಯಿತು. ಮುಂದಿನ ಒಂಬತ್ತು ವರ್ಷ ಹವಾಯಿಯ ದೊಡ್ಡ ದ್ವೀಪದಲ್ಲಿ ಬೆಟ್ಟ ಕಣಿವೆಗಳನ್ನು ಸುತ್ತುತ್ತ, ಅಲ್ಲಿನವರ ಭಾಷೆಯನ್ನು ಕಲಿಯುತ್ತ, ಸ್ವಂತ ಕೈಯಿಂದ ಮರ ಕೊಯ್ದು ಪುಟ್ಟ ಇಗರ್ಜಿಗಳನ್ನು ಕಟ್ಟುತ್ತ ಕಳೆದರು. ಬಡಗಿಯ ಕೆಲಸ ಅವರಿಗೆ ಚೆನ್ನಾಗಿ ಕೈವಶವಾದದ್ದು ಅಲ್ಲಿ.

ಹೊರಗಿನಿಂದ ಬಂದ ಹಡಗುಗಳ ಜತೆ ಬಂದಿಳಿದ ರೋಗಗಳಿಂದ ಹವಾಯಿಯ ಮೂಲನಿವಾಸಿಗಳು ಆಗ ಸಾಲುಸಾಲಾಗಿ ಸಾಯುತ್ತಿದ್ದರು. ಕುಷ್ಠವೂ ಅವುಗಳಲ್ಲೊಂದು. 1865ರಲ್ಲಿ ಅಲ್ಲಿನ ರಾಜಸರಕಾರ ಕಾನೂನು ಮಾಡಿ, ರೋಗ ತಗಲಿದವರನ್ನು ಮೊಲೊಕಾಯಿಯ ಒಂದು ಮೂಲೆಗೆ ಸಾಗಿಸತೊಡಗಿತು. ಮೂರು ಕಡೆ ಅಬ್ಬರಿಸುವ ಕಡಲು, ಹಿಂದುಗಡೆ ಸುಮಾರು ಎರಡು ಸಾವಿರ ಅಡಿಯ ಕಡಿದಾದ ಬೆಟ್ಟ. ಬೇಲಿ ಬೇಕಿಲ್ಲದ ಸೆರೆಮನೆ. ಗಂಡನಿಂದ ಹೆಂಡತಿಯನ್ನು, ತಾಯಿಯಿಂದ ಮಗುವನ್ನು ಅಗಲಿಸಿ ಹಡಗು ಹತ್ತಿಸುತ್ತಿದ್ದರು. ಅಲ್ಲಿಗೆ ಹೋದವರು ತಾವೇ ಗೇಯ್ದು ಉಣ್ಣುವರೆಂದು ಅಧಿಕಾರಿಗಳ ಲೆಕ್ಕಾಚಾರ. ಬೆರಳು ಕಳೆದುಕೊಂಡವರು ಗುದ್ದಲಿ ಹಿಡಿಯುವುದೆಂತು?

1873ರ ಮೇ ತಿಂಗಳಲ್ಲಿ ಬಿಷಪ್ ಮೇಗ್ರೆಯವರು ಈ ಸ್ಥಳಕ್ಕೆ ಪಾದ್ರಿಗಳು ಬೇಕೆಂದಾಗ ನಾಲ್ವರು ಮುಂದೆ ಬಂದರು. ಸರದಿಯಂತೆ ಕೆಲವು ವಾರ ಇದ್ದು ಬರುವುದೆಂದು ಏರ್ಪಾಡು. ಮೊದಲ ಸರದಿ ಡೇಮಿಯನ್ನರದು. ಮೇ 10ರಂದು ಅಲ್ಲಿ ಇಳಿದರು. ಎರಡನೆಯವರ ಸರದಿ ಬರಲೇ ಇಲ್ಲ, ಇವರೇ ಉಳಿದುಬಿಟ್ಟರು. ಮನೆ ಇರಲಿಲ್ಲವಾಗಿ ಮೊದಲ ರಾತ್ರಿಗಳನ್ನು ನಮ್ಮ ಕೇದಗೆಯ ಜಾತಿಯ ಮರವೊಂದರ ಬುಡದಲ್ಲಿ ಕಳೆದರು. ಅವರಿಗೆ ಆಗ ವಯಸ್ಸು 33.

ಆರುನೂರಕ್ಕೂ ಮಿಕ್ಕಿ ರೋಗಿಗಳಿದ್ದರು. ಹರಳುಗಿಡದ ಕೊಂಬೆಗಳನ್ನು ನೆಟ್ಟು ಎಲೆ ಹೊದಿಸಿದ ಗೂಡುಗಳಲ್ಲಿ ಗಂಡಸು, ಹೆಂಗಸು, ಮಕ್ಕಳು ಒಟ್ಟಿಗೆ ಬಿದ್ದುಕೊಂಡಿದ್ದರು. ನೀರನ್ನು ದೂರದಿಂದ ಹೊತ್ತು ತರಬೇಕಿತ್ತಾದ್ದರಿಂದ ಹುಣ್ಣು ತೊಳೆಯುವುದಕ್ಕೂ ನೀರಿಲ್ಲ. ಸತ್ತವರನ್ನು ಮೇಲಿಂದ ಮೇಲೆ ಮಣ್ಣೆಳೆದು ಹೂಳುತ್ತಿದ್ದರು. ಪಾದ್ರಿಗಳು ಮೊದಲು ಕೈಹಾಕಿದ್ದು ಈ ಎರಡು ಕೆಲಸಗಳಿಗೆ: ಸರಕಾರದಿಂದ ಕೊಳವೆಗಳನ್ನು ತರಿಸಿ, ಕಣಿವೆಯ ಮಡುವಿನಿಂದ ನೀರನ್ನು ಊರಿನತನಕ ಹರಿಸಿದ್ದು ಒಂದು, ದಫನಭೂಮಿಗೆ ಬೇಲಿ ಕಟ್ಟಿ, ಆಳವಾಗಿ ಗುಂಡಿ ತೋಡಿದ್ದು ಇನ್ನೊಂದು. ಶವಪೆಟ್ಟಿಗೆಗಳನ್ನು ಸ್ವತಃ ಹೊಡೆದು ಮಾಡಿದರು, ನೂರಾರನ್ನು. 1874ರ ಬಿರುಗಾಳಿಗೆ ಗೂಡುಗಳು ನೆಲಕಚ್ಚಿದಾಗ ಮರದ ಹಲಗೆಗಳಿಗಾಗಿ ಅಧಿಕಾರಿಗಳನ್ನು ಕಾಡಿ ಬೇಡಿ, ಕೈಯಾಡುವ ರೋಗಿಗಳನ್ನು ಜತೆಗೆ ಹಾಕಿಕೊಂಡು ಮನೆಗಳನ್ನು ಕಟ್ಟಿದರು. ಅನಾಥ ಮಕ್ಕಳಿಗೆ ಬೇರೆ ವಸತಿ ಮಾಡಿದರು. ಹಾಡುವವರ ತಂಡ, ವಾದ್ಯದವರ ತಂಡ ಹುಟ್ಟಿಕೊಂಡವು. ಬೆಳಿಗ್ಗೆ ಪೂಜೆ, ಆಮೇಲೆ ಮನೆಮನೆಗೆ ಹೋಗಿ ಹುಣ್ಣು ತೊಳೆದು ಬಟ್ಟೆ ಕಟ್ಟುವುದು, ಬಳಿಕ ಬಡಗಿಯ ಕೆಲಸ, ಹೊಲದ ಕೆಲಸ. ವರ್ಷವರ್ಷವೂ ಇದೇ. ಇದರಲ್ಲಿ ಪವಾಡವೇನೂ ಇಲ್ಲ, ವರ್ಣಿಸಿ ಬರೆಯುವಂಥದೂ ಹೆಚ್ಚಿಲ್ಲ.

ಆರಂಭದಲ್ಲಿ ಹುಣ್ಣಿನ ನಾತ ತಡೆಯಲಾರದೆ ಗುಡಿಸಲಿನಿಂದ ಹೊರಗೋಡಿ ಉಸಿರೆಳೆದುಕೊಳ್ಳಬೇಕಾಗುತ್ತಿತ್ತು. ಆ ನಾತ ಬಟ್ಟೆಗೆ ಹತ್ತದಿರಲೆಂದು ಹೊಗೆಸೊಪ್ಪಿನ ಚುಂಗಾಣಿ ಹಿಡಿದರು. ಮುಂದೆ ಆ ಚುಂಗಾಣಿಯೂ ರೋಗಿಗಳ ಬಾಯಿಂದ ಬಾಯಿಗೆ ಹೋಗಿ ಬರುವಂತಾಯಿತು. ಕೆಸುವಿನ ಗೆಡ್ಡೆಯನ್ನು ಬೇಯಿಸಿ ಅರೆದ ಹಿಟ್ಟು ಅಲ್ಲಿಯವರ ನಿತ್ಯದ ಊಟ. ಒಂದೇ ಬುರುಡೆಗೆ ಎಲ್ಲರೂ ಬೆರಳು ಹಾಕಿ ತಿನ್ನುವುದು ಪದ್ಧತಿ. ಪಾದ್ರಿಗಳೂ ಅದರಲ್ಲೇ ಬೆರಳು ಹಾಕಿದರು. ಪ್ರವಚನದಲ್ಲಿ ರೋಗಿಗಳನ್ನು ನೀವು ಎನ್ನದೆ, ತಮ್ಮನ್ನೂ ಸೇರಿಸಿಕೊಂಡು ಮಾತನಾಡುತ್ತಿದ್ದರು, ಮೈಯಲ್ಲಿ ರೋಗದ ಸುಳಿವೇ ಇಲ್ಲದಿದ್ದ ಆ ಮೊದಲ ವರ್ಷದಲ್ಲಿಯೇ.

ಇದು ವಿವೇಕದ ಕೆಲಸವೇ ಎಂದು ಕೇಳುವವರಿದ್ದರು, ಈಗಲೂ ಇರಬಹುದು. ಅವರು ಮೊಲೊಕಾಯಿಯಲ್ಲಿ ಇಳಿದ ಅದೇ 1873ರಲ್ಲಿ ನಾರ್ವೆಯ ವೈದ್ಯ ಹ್ಯಾನ್ಸನ್ ಕುಷ್ಠರೋಗದ ಸೂಕ್ಷ್ಮಜೀವಿಯನ್ನು ಕಂಡುಹಿಡಿದರು. ಅದು ಬಹುಪಾಲು ಜನರಿಗೆ ಸುಲಭದಲ್ಲಿ ಅಂಟುವ ರೋಗವಲ್ಲವೆಂದು ಇಂದು ಗೊತ್ತಿದೆ, ಅಂದು ಗೊತ್ತಿರಲಿಲ್ಲ. ಆರೋಗ್ಯಶಾಸ್ತ್ರದ ದೃಷ್ಟಿಯಿಂದ ಡೇಮಿಯನ್ನರನ್ನು ಅನುಕರಿಸಿ ಎಂದು ನಾವು ಯಾರಿಗೂ ಹೇಳಲಾರೆವು. ಆದರೆ ಮನೆಮಂದಿಯೇ ಮುಟ್ಟದೆ ದೂಡಿದ ಜನರ ಎದುರು ನಿಂತು, ಕೈ ಹಿಂದಕ್ಕೆಳೆದುಕೊಂಡು, ದೇವರು ನಿಮ್ಮನ್ನು ಪ್ರೀತಿಸುತ್ತಾನೆಂದು ಹೇಳಿದ್ದರೆ ಅದನ್ನು ನಂಬುವವರಾರು? ಆ ಕೈ ನೀಡುವಿಕೆಯೇ ಅವರ ಪ್ರವಚನವಾಗಿತ್ತೆಂದು ನಮಗೆ ತೋರುತ್ತದೆ.

ಅವರೊಡನೆ ಏಗುವುದು ಮಾತ್ರ ಸುಲಭವಿರಲಿಲ್ಲ. ಮುಂಗೋಪಿ, ಹಟಮಾರಿ, ಜತೆಗೆ ಕೆಲಸ ಮಾಡಲು ಬಂದ ಪಾದ್ರಿಗಳೊಡನೆ ಜಗಳವಾಗುತ್ತಿತ್ತು. ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿ ಚಾಪ್ಮನ್ ಹಣ ಕೂಡಿಸಿ ಕಳುಹಿಸಿದಾಗ, ಇವರು ಪತ್ರಿಕೆಗಳಲ್ಲಿ ಹೆಸರು ಮಾಡಿಕೊಳ್ಳುತ್ತಿದ್ದಾರೆಂದು ಸ್ವಂತ ಸಭೆಯ ಮೇಲಧಿಕಾರಿಗಳೇ ಸಿಡಿಮಿಡಿಗೊಂಡರು. ಮೊದಲ ವರ್ಷದಲ್ಲೊಮ್ಮೆ ಪಾಪನಿವೇದನೆ ಮಾಡಿಕೊಳ್ಳಲು ಹಡಗಿನ ಬಳಿ ದೋಣಿಯಲ್ಲಿ ಹೋದರೆ ಹತ್ತಲು ಬಿಡಲಿಲ್ಲ. ಮೇಲಿದ್ದ ಹಿರಿಯರಿಗೆ ಕೆಳಗಿನಿಂದಲೇ ಗಟ್ಟಿಯಾಗಿ ಕೂಗಿ ತಮ್ಮ ಪಾಪಗಳನ್ನು ಹೇಳಿಕೊಂಡರು. 1881ರಲ್ಲಿ ರಾಜಕುಮಾರಿ ಲಿಲಿಯುಕಲಾನಿ ಅಲ್ಲಿಗೆ ಭೇಟಿಯಿತ್ತು, ರೋಗಿಗಳನ್ನು ಕಂಡು ಮಾತು ಹೊರಡದೆ ಕಣ್ಣೀರಿಟ್ಟರು. ಆ ಬಳಿಕ ಪಾದ್ರಿಗಳಿಗೆ ರಾಜಪದಕ ಬಂತು. ಅದನ್ನು ಅವರು ತೊಟ್ಟದ್ದು ಅಪರೂಪ.

1884ರ ಡಿಸೆಂಬರಿನಲ್ಲಿ ಒಂದು ಸಂಜೆ ಕುದಿಯುವ ನೀರು ಕಾಲಿಗೆ ತಗಲಿ ಬೊಬ್ಬೆ ಎದ್ದರೂ ಉರಿ ತಿಳಿಯಲಿಲ್ಲ. ಅದು ಏನೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಮೇಲೆ ಕೆಲಸ ಕಡಿಮೆಯಾಗುವ ಬದಲು ಹೆಚ್ಚಿತು. ಉಳಿದ ಕಾಲ ಸ್ವಲ್ಪವೆಂದು ಇಗರ್ಜಿಯನ್ನು ದೊಡ್ಡದು ಮಾಡುವ ಕೆಲಸಕ್ಕೆ ಕೈಹಾಕಿದರು. ನೆರವಿಗೆ ಜನ ಸಿಕ್ಕಿದ್ದು ಕೊನೆಯ ವರ್ಷಗಳಲ್ಲಿ: 1886ರಲ್ಲಿ ಅಮೆರಿಕದ ಹಳೆಯ ಸೈನಿಕ ಜೋಸೆಫ್ ಡಟನ್, 1888ರಲ್ಲಿ ಮದರ್ ಮೇರಿಯಾನ್ ಮತ್ತು ಸಂಗಡಿಗ ಸನ್ಯಾಸಿನಿಯರು. 1889ರ ಏಪ್ರಿಲ್ 15ರಂದು, ಪವಿತ್ರ ವಾರದ ಸೋಮವಾರ, 49ನೆಯ ವಯಸ್ಸಿನಲ್ಲಿ ಡೇಮಿಯನ್ ತೀರಿಕೊಂಡರು. ಮೊದಲ ರಾತ್ರಿ ಮಲಗಿದ್ದ ಮರದ ಬುಡದಲ್ಲೇ ಮಣ್ಣು ಮಾಡಿದರು.

ಸತ್ತ ಮೇಲೂ ಗಲಾಟೆ ತಪ್ಪಲಿಲ್ಲ. ಅವರು ಒರಟ, ಕೊಳಕ, ನಡತೆಗೆಟ್ಟವರೆಂದು ಹೊನೊಲುಲುವಿನ ಪ್ರೊಟೆಸ್ಟೆಂಟ್ ಬೋಧಕ ಹೈಡ್ ಬರೆದ ಪತ್ರ ಅಚ್ಚಾಯಿತು. ಕೆಲವೇ ವಾರಗಳ ಹಿಂದೆ ತೀರಿಕೊಂಡವರ ಆ ಊರಿನಲ್ಲಿ ಎಂಟು ದಿನ ತಂಗಿದ್ದ ಲೇಖಕ ಸ್ಟೀವನ್ಸನ್, ತಾವೂ ಪ್ರೊಟೆಸ್ಟೆಂಟರೇ ಆಗಿದ್ದು, 1890ರಲ್ಲಿ ಅದಕ್ಕೆ ಬಹಿರಂಗವಾಗಿ ಕಟುವಾದ ಉತ್ತರ ಕೊಟ್ಟರು. ಒರಟುತನವನ್ನು ಒಪ್ಪಿಕೊಂಡು, ನಡತೆಯ ಮೇಲಿನ ಅಪವಾದವನ್ನು ತಳ್ಳಿಹಾಕಿದರು.

ಡೇಮಿಯನ್ನರ ಸ್ಮರಣೆಗೆಂದು ಲಂಡನ್ನಿನಲ್ಲಿ ಕೂಡಿಸಿದ ನಿಧಿಯಿಂದ ಒಂದು ವೈದ್ಯಕೀಯ ಆಯೋಗ 1890ರಲ್ಲಿ ಭಾರತಕ್ಕೂ ಬಂತು. ರೋಗ ಅಂಟುವ ಸಂಭವ ಅತ್ಯಲ್ಪವೆಂದು ಅದು ವರದಿಯಿತ್ತಿತು. ಆದರೂ 1898ರಲ್ಲಿ ಗತಿಯಿಲ್ಲದ ಕುಷ್ಠರೋಗಿಗಳನ್ನು ಕೂಡಿಹಾಕುವ ಕಾನೂನು ಇಲ್ಲಿ ಬಂದೇ ಬಂತು. ನಮ್ಮವರು ಮದ್ದಿಗೆಂದು ಹೋಗುವ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಕುಷ್ಠರೋಗಿಗಳಿಗೆ ಆಸರೆ ಕಟ್ಟಿದ್ದೂ 1890ರಲ್ಲಿ. ಅದನ್ನು ನೋಡಿ ಇದು ಎಂದು ನಾವು ಹೇಳುತ್ತಿಲ್ಲ, ಕಾಲ ಒಂದೇ.

1940ರ ದಶಕದಲ್ಲಿ ಪರಿಣಾಮಕಾರಿ ಔಷಧಿ ಬಂತು. ಹವಾಯಿಯ ಕಾನೂನು ರದ್ದಾದದ್ದು 1969ರಲ್ಲಿ. ಅಷ್ಟರೊಳಗೆ ಸುಮಾರು ಎಂಟು ಸಾವಿರ ಜನರನ್ನು ಆ ಮೂಲೆಗೆ ಸಾಗಿಸಿಯಾಗಿತ್ತು. ಬಿಡುಗಡೆಯಾದರೂ ಕೆಲವರು ಅಲ್ಲಿಯೇ ಉಳಿದರು.

1936ರಲ್ಲಿ ಬೆಲ್ಜಿಯಂ ಸರಕಾರ ಡೇಮಿಯನ್ನರ ಶರೀರವನ್ನು ಸ್ವದೇಶಕ್ಕೆ ಒಯ್ದು ಲೂವೆನಿನಲ್ಲಿ ಇರಿಸಿತು. ಮೊಲೊಕಾಯಿಯವರಿಗೆ ಅದು ಸಂಕಟದ ದಿನ. 2009ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಡೇಮಿಯನ್ನರನ್ನು ಸಂತರೆಂದು ಘೋಷಿಸಿದರು. ಅದಕ್ಕೂ ಮೊದಲು, 1995ರಲ್ಲಿ ಅವರಿಗೆ ಪುನೀತ ಪದವಿ ಬಂದಾಗ, ಹವಾಯಿಗೆ ಶರೀರದ ಒಂದು ಭಾಗವನ್ನು ಮರಳಿಸಲಾಯಿತು. ಅದು ಅವರ ಬಲಗೈ. ಮೊಲೊಕಾಯಿಯವರು ಅದನ್ನು ಹಳೆಯ ಗುಂಡಿಯಲ್ಲೇ ಇಟ್ಟು ಮಣ್ಣು ಹಾಕಿದರು.