ಎರಡಾಣೆಯ ಬಾಗಿಲು, ದುಡ್ಡಿನ ಬಾಗಿಲು: ಡಾ. ಟಿ.ಎಂ.ಎ. ಪೈ ಬಿಟ್ಟುಹೋದ ಲೆಕ್ಕ

ಸಿಇಟಿ ಫಲಿತಾಂಶ ಬಂದ ವಾರ ಹೆಬ್ಬಾಳದಿಂದ ಯಲಹಂಕದವರೆಗೆ ಒಮ್ಮೆ ಬಸ್ಸಲ್ಲಿ ಹೋಗಿ ನೋಡಿ. ಕಂಬ, ಕಾಂಪೌಂಡು, ಆಟೋದ ಬೆನ್ನು, ಎಲ್ಲ ಕಡೆ ಒಂದೇ ಮಾತು: ಬಿಎಸ್ಸಿ ನರ್ಸಿಂಗ್, ನೇರ ಪ್ರವೇಶ. ಕೆಳಗೊಂದು ಮೊಬೈಲ್ ನಂಬರು.

ಆರ್.ಟಿ. ನಗರದ ನಮ್ಮ ಬೀದಿಯ ಹುಡುಗಿಯೊಬ್ಬಳು ಅಂಥದ್ದೊಂದು ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಬಂದು, ಫೋನ್ ಮಾಡಲಾ ಬೇಡವಾ ಅಂತ ಕೇಳಿದಳು. ಎರಡು ವರ್ಷ ಹಾಸಿಗೆ ಹಿಡಿದಿದ್ದ ಅಜ್ಜಿಯನ್ನು ನೋಡಿಕೊಂಡವಳು. ಇನ್ಸುಲಿನ್ ಕೊಡೋದು, ಬೆನ್ನುಹುಣ್ಣಿಗೆ ಡ್ರೆಸ್ಸಿಂಗ್ ಮಾಡೋದು, ನಡುರಾತ್ರಿ ಎದ್ದು ಮಗ್ಗುಲು ಬದಲಿಸೋದು ಎಲ್ಲ ಗೊತ್ತು. ಗೊತ್ತಿಲ್ಲದ್ದು ಒಂದೇ, 80 ನಿಮಿಷದಲ್ಲಿ 60 ಪ್ರಶ್ನೆಗೆ ಗುರುತು ಹಾಕೋದು. ಪರೀಕ್ಷಾ ಕೊಠಡಿಯಲ್ಲಿ ಅವಳ ಕೈ ಬೆವರುತ್ತದಂತೆ. ಸರ್ಕಾರಿ ಕೋಟಾದ ಬಿಎಸ್ಸಿ ನರ್ಸಿಂಗ್ ಸೀಟಿಗೆ ಈಗ ಸಿಇಟಿ ರ‍್ಯಾಂಕ್ ಬೇಕು. ಅವಳ ರ‍್ಯಾಂಕ್ ಎಲ್ಲೋ ದೂರದಲ್ಲಿದೆ.

ನಾನೂ ಸಿಇಟಿ ಬರೆದೇ ಎಂಜಿನಿಯರಿಂಗ್ ಸೇರಿದವನು. ಕೋಚಿಂಗಿಗೆ ಅಪ್ಪ ದುಡ್ಡು ಕಟ್ಟಿದ್ದರು, ಹಾಗಾಗಿ ಗುರುತು ಹಾಕೋದು ಬಂತು. ಅದನ್ನು ಪ್ರತಿಭೆ ಅಂತ ತುಂಬ ವರ್ಷ ನಂಬಿಕೊಂಡಿದ್ದೆ.

ಅಂಕದ ಸಾಲಿನಲ್ಲಿ ಹಿಂದೆ ಬಿದ್ದವರಿಗೆ ಬೇರೆ ಬಾಗಿಲು ಬೇಕೇ? ಬೇಕು ಅಂದರೆ ಆ ಬಾಗಿಲಿಗೆ ಬೀಗ ಯಾವುದು? ಈ ಪ್ರಶ್ನೆ ಹೊಸದಲ್ಲ. ಎಪ್ಪತ್ತು ವರ್ಷದ ಹಿಂದೆ ಕರಾವಳಿಯ ಒಬ್ಬ ಡಾಕ್ಟರು ಇದಕ್ಕೊಂದು ಉತ್ತರ ಕೊಟ್ಟರು. ಹೆಬ್ಬಾಳದ ಕಂಬದ ಮೇಲಿರುವ ಜಾಹೀರಾತಿನ ಬೇರು ಹುಡುಕುತ್ತಾ ಹೋದರೆ ಅವರ ಬದುಕನ್ನು ಹಾದು ಹೋಗಲೇಬೇಕು.

ತೋನ್ಸೆ ಮಾಧವ ಅನಂತ ಪೈ ಹುಟ್ಟಿದ್ದು 1898ರ ಏಪ್ರಿಲ್ 30ರಂದು, ಉಡುಪಿ ಹತ್ತಿರದ ಕಲ್ಯಾಣಪುರದಲ್ಲಿ. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದ ಭಾಗ. ಡಾಕ್ಟರಾಗಬೇಕು ಅಂದರೆ ಮದ್ರಾಸಿಗೇ ಹೋಗಬೇಕು. ಪೈ ಹೋದರು, ಓದಿದರು, ಊರಿಗೆ ವಾಪಸ್ ಬಂದು ರೋಗಿಗಳನ್ನು ನೋಡತೊಡಗಿದರು.

ಆ ಕಾಲದಲ್ಲಿ ಊರಿನ ಕೈಮಗ್ಗದವರು ಸೋತುಹೋಗಿದ್ದರು. ಬಂಡವಾಳ ಕೊಡುವವರಿರಲಿಲ್ಲ. 1925ರಲ್ಲಿ ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವರ ಜೊತೆ ಸೇರಿ ಉಡುಪಿಯಲ್ಲಿ ಒಂದು ಬ್ಯಾಂಕ್ ಶುರು ಮಾಡಿದರು. ಬಂಡವಾಳ 8,000 ರೂಪಾಯಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿದ್ದು ಇದೇ. 1969ರಲ್ಲಿ ರಾಷ್ಟ್ರೀಕರಣವಾಯಿತು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಈ ಬ್ಯಾಂಕಿನ ನಿಜವಾದ ಹೊಸತನ 1928ರ ಪಿಗ್ಮಿ ಠೇವಣಿ. ದಿನಕ್ಕೆ ಎರಡಾಣೆ ಕೊಟ್ಟರೆ ಸಾಕು. ಬ್ಯಾಂಕಿಗೂ ಹೋಗಬೇಕಿಲ್ಲ, ಏಜೆಂಟೇ ಮನೆ ಬಾಗಿಲಿಗೆ, ಅಂಗಡಿ ಕಟ್ಟೆಗೆ ಬಂದು ತೆಗೆದುಕೊಂಡು ಹೋಗುತ್ತಾನೆ. ಬ್ಯಾಂಕ್ ಅಂದರೆ ದೊಡ್ಡವರದ್ದು ಅಂತ ದೂರ ನಿಂತಿದ್ದ ಜನರಿಗೆ ಪೈ ಹೊಸಿಲನ್ನೇ ತಗ್ಗಿಸಿದರು. ನಿಮ್ಮ ಹತ್ತಿರ ಎಷ್ಟಿದೆ ಅಂತ ಕೇಳುವ ಬದಲು ದಿನಕ್ಕೆ ಎಷ್ಟು ಕೂಡಿಡಬಲ್ಲಿರಿ ಅಂತ ಕೇಳಿದರು. ಸಣ್ಣ ವ್ಯತ್ಯಾಸ ಅನ್ನಿಸಬಹುದು. ಆದರೆ ಅವರ ಬದುಕಿನ ಅತಿ ದೊಡ್ಡ ಯೋಚನೆ ಇದೇ ಅಂತ ನನಗನ್ನಿಸುತ್ತದೆ.

1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಬಂತು. ಓದಿನ ಜೊತೆ ಕಸುಬು ಕಲಿಸುವುದೂ ಅದರ ಉದ್ದೇಶ. 1949ರಲ್ಲಿ ಉಡುಪಿಯ ಎಂಜಿಎಂ ಕಾಲೇಜು. ಆಮೇಲೆ ಬಂತು ಅವರ ಹೆಸರನ್ನು ದೇಶಕ್ಕೆಲ್ಲ ಹಬ್ಬಿಸಿದ, ವಿವಾದಕ್ಕೂ ಎಳೆದ ಕೆಲಸ. 1953ರಲ್ಲಿ ಮಣಿಪಾಲದ ಮುರಕಲ್ಲಿನ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು.

ಆ ಕಾಲವನ್ನು ನೆನಪಿಸಿಕೊಳ್ಳಬೇಕು. ಮದ್ರಾಸಿನಲ್ಲಿ ಜಾತಿ, ಸಮುದಾಯಗಳ ಪ್ರಕಾರ ಸೀಟು ಹಂಚುವ ಆದೇಶವಿತ್ತು. ಚಂಪಕಂ ದೊರೈರಾಜನ್ ಪ್ರಕರಣದಲ್ಲಿ 1951ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಅದೇ ವರ್ಷ ಸಂವಿಧಾನದ ಮೊದಲ ತಿದ್ದುಪಡಿ ಬಂದು ಹಿಂದುಳಿದವರಿಗೆ ವಿಶೇಷ ಅವಕಾಶ ಕೊಡುವ ದಾರಿ ಮತ್ತೆ ತೆರೆಯಿತು. ಅಂದರೆ ವೈದ್ಯಕೀಯ ಸೀಟು ಆಗಲೇ ದೇಶದ ರಾಜಕೀಯದ ಉರಿಯುವ ವಿಷಯ. ಸೀಟು ಬೆರಳೆಣಿಕೆಯಷ್ಟು, ಕೇಳುವವರು ಸಾವಿರಾರು.

ಪೈ ಅವರ ವಾದ ಸರಳವಾಗಿತ್ತು. ಸಾಧಾರಣ ಅಂಕ ತೆಗೆದವನೂ ಚೆನ್ನಾಗಿ ಕಲಿಸಿದರೆ ಒಳ್ಳೆಯ ಡಾಕ್ಟರಾಗಬಲ್ಲ. ಪರೀಕ್ಷೆಯ ಒಂದು ದಿನ ಅವನ ಇಡೀ ಬದುಕನ್ನು ನಿರ್ಧರಿಸಬಾರದು. ಒಪ್ಪಬೇಕಾದ ಮಾತೇ. ಆದರೆ ಸರ್ಕಾರದ ಹಣವಿಲ್ಲದೆ ಕಾಲೇಜು ಕಟ್ಟೋದು ಹೇಗೆ? ಸೇರುವ ವಿದ್ಯಾರ್ಥಿಯ ಮನೆಯಿಂದಲೇ ದೊಡ್ಡ ಮೊತ್ತ ಪಡೆಯೋದು. ಕ್ಯಾಪಿಟೇಷನ್ ಶುಲ್ಕದ ಚರಿತ್ರೆ ಬರೆಯುವ ಬಹುತೇಕರು ಮಣಿಪಾಲದಿಂದಲೇ ಶುರು ಮಾಡೋದು ಇದಕ್ಕೇ.

ಇಲ್ಲಿ ನ್ಯಾಯವಾಗಿ ಹೇಳಬೇಕು. ಆ ಹಣ ಕಲ್ಲು, ಪ್ರಯೋಗಾಲಯ, ಆಸ್ಪತ್ರೆಯಾಗಿ ಕಣ್ಣಿಗೆ ಕಾಣುತ್ತದೆ. ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯನ್ನು ವಿದ್ಯಾರ್ಥಿಗಳ ತರಬೇತಿಗೆ ಬಳಸುವ ಏರ್ಪಾಡು ಆಯಿತು. 1957ರಲ್ಲಿ ಎಂಜಿನಿಯರಿಂಗ್ ಕಾಲೇಜು, 1961ರಲ್ಲಿ ಮಣಿಪಾಲದಲ್ಲೇ ಆಸ್ಪತ್ರೆ. 1972ರಲ್ಲಿ ಪದ್ಮಶ್ರೀ ಬಂತು. 1979ರ ಮೇ 29ರಂದು ತೀರಿಕೊಂಡಾಗ ಬೋಳುಗುಡ್ಡ ಒಂದು ಪಟ್ಟಣವಾಗಿತ್ತು. ಅಲ್ಲಿ ಕಲಿತವರು ಜಗತ್ತಿನಾದ್ಯಂತ ಜೀವ ಉಳಿಸಿದ್ದಾರೆ. ಕಡಿಮೆ ಅಂಕದವರು ಡಾಕ್ಟರಾಗಲಾರರು ಅನ್ನುವ ವಾದ ಅಲ್ಲಿಗೆ ಮುಗಿಯಿತು.

ಹಾಗಾದರೆ ತಪ್ಪಿದ್ದೆಲ್ಲಿ? ಬ್ಯಾಂಕಿನಲ್ಲಿ ಪೈ ಬಡವರಿಗಾಗಿ ಹೊಸಿಲು ತಗ್ಗಿಸಿದರು. ಕಾಲೇಜಿನಲ್ಲಿ ಅಂಕದ ಹೊಸಿಲು ತಗ್ಗಿತು, ದುಡ್ಡಿನ ಹೊಸಿಲು ಎದ್ದಿತು. ಕಡಿಮೆ ಅಂಕದ ಶ್ರೀಮಂತರ ಮಗನಿಗೆ ಎರಡನೇ ಅವಕಾಶ ಸಿಕ್ಕಿತು. ಅಷ್ಟೇ ಅಂಕದ ನೇಕಾರನ ಮಗಳಿಗೆ? ಎರಡಾಣೆ ಠೇವಣಿಗೆ ಏಜೆಂಟ್ ಅವಳ ಮನೆಗೆ ಬರುತ್ತಿದ್ದ, ಸೀಟಿಗೆ ಯಾರೂ ಬರಲಿಲ್ಲ. ಪಿಗ್ಮಿಯ ಯೋಚನೆ ಬ್ಯಾಂಕಿನ ಹೊರಗೆ ಕಾಲಿಡಲೇ ಇಲ್ಲ.

ಆಮೇಲಿನ ಕತೆ ಕಾನೂನಿನದ್ದು. ಮಣಿಪಾಲದ ಮಾದರಿಯನ್ನು ರಾಜ್ಯದ ತುಂಬ ಜಾತಿಮಠ, ರಾಜಕಾರಣಿ, ಗುತ್ತಿಗೆದಾರ ಎಲ್ಲರೂ ಹಿಡಿದರು. 1984ರಲ್ಲಿ ಕರ್ನಾಟಕ ಕ್ಯಾಪಿಟೇಷನ್ ನಿಷೇಧ ಕಾಯ್ದೆ ತಂದಿತು. ಆದರೂ ಹೊರರಾಜ್ಯದವರಿಗೆ ವರ್ಷಕ್ಕೆ 60,000 ರೂಪಾಯಿ ಶುಲ್ಕ ಅಂತ ಸರ್ಕಾರವೇ ಅಧಿಸೂಚನೆ ಹೊರಡಿಸಿತ್ತು. ಉತ್ತರ ಪ್ರದೇಶದ ಮೋಹಿನಿ ಜೈನ್ ಇದನ್ನು ಪ್ರಶ್ನಿಸಿದಾಗ, 1992ರಲ್ಲಿ ಸುಪ್ರೀಂ ಕೋರ್ಟ್ ಇದು ಕ್ಯಾಪಿಟೇಷನ್ನೇ ಅಂತ ಹೇಳಿತು. 1993ರಲ್ಲಿ ಉನ್ನಿಕೃಷ್ಣನ್ ತೀರ್ಪು ಬಂತು, 1994ರಲ್ಲಿ ನಮ್ಮ ಸಿಇಟಿ ಶುರುವಾಯಿತು. 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಖಾಸಗಿ ಕಾಲೇಜುಗಳಿಗೆ ಪ್ರವೇಶ, ಶುಲ್ಕಗಳಲ್ಲಿ ಹೆಚ್ಚು ಸ್ವಾತಂತ್ರ್ಯ ಕೊಟ್ಟಿತು. ಆ ಪ್ರಕರಣದ ಹೆಸರೇ ಟಿ.ಎಂ.ಎ. ಪೈ ಫೌಂಡೇಷನ್. ಸತ್ತು 23 ವರ್ಷವಾದ ಮೇಲೂ ವಾದ ಅವರ ಹೆಸರಲ್ಲೇ ನಡೆದಿತ್ತು.

ಸಿಇಟಿ ಒಳ್ಳೆಯದನ್ನು ಮಾಡಿದೆ. ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿಯಿಂದ ಎಷ್ಟೋ ಮನೆಗಳ ಮೊದಲ ಪದವೀಧರರು ಒಳಗೆ ಬಂದರು. ಅದನ್ನು ಬಿಟ್ಟುಕೊಡುವ ಮಾತೇ ಇಲ್ಲ. ಆದರೆ ನಮ್ಮ ಮುಂದೆ ಇವತ್ತಿಗೂ ಇರೋದು ಎರಡೇ ಬಾಗಿಲು: ರ‍್ಯಾಂಕ್ ಇದ್ದರೆ ಒಂದು, ದುಡ್ಡಿದ್ದರೆ ಇನ್ನೊಂದು. ಎರಡೂ ಇಲ್ಲದವರು ಕಂಬದ ಮೇಲಿನ ನಂಬರಿಗೆ ಫೋನ್ ಮಾಡುತ್ತಾರೆ, ಅಮ್ಮನ ಓಲೆ ಅಡವಿಡುತ್ತಾರೆ.

ಮೂರನೇ ಬಾಗಿಲಿನ ನಕ್ಷೆ ಪೈ ಅವರ ಬ್ಯಾಂಕಿನಲ್ಲೇ ಇದೆ. ಸ್ವಲ್ಪ ಸ್ವಲ್ಪವಾಗಿ ಕೂಡಿಸಿದ್ದನ್ನು ಲೆಕ್ಕಕ್ಕೆ ಹಿಡಿಯೋದು. ನರ್ಸಿಂಗಿನಲ್ಲಿ ಅದಕ್ಕೆ ಅಡಿಪಾಯವೂ ಇದೆ. ಪಿಯುಸಿ ಆದವರು ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ ಓದಿ, ನರ್ಸ್ ಆಗಿ ನೋಂದಾಯಿಸಿಕೊಂಡು, ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬಹುದು. ವಾರ್ಡಿನಲ್ಲಿ ಕಲಿತದ್ದು ಪದವಿಯಾಗುವ ದಾರಿ ಇದು. ಸರ್ಕಾರಿ ಶಾಲೆಗಳಲ್ಲಿ ಇಂಥ ಸೀಟು ಹೆಚ್ಚಿಸಿ ಅಂತ ಕೇಳುವ ಚಳವಳಿ ಎಲ್ಲಿದೆ? ನೀಟ್ ಬಗ್ಗೆ ಬೀದಿಗಿಳಿಯುವ ನಾವು ನರ್ಸಿಂಗ್ ಸೀಟಿನ ಬಗ್ಗೆ ಯಾಕೆ ಸುಮ್ಮನಿದ್ದೇವೆ? ಅಲ್ಲಿ ಸಾಲಿನಲ್ಲಿ ನಿಂತಿರೋದು ಹೆಚ್ಚಾಗಿ ಬಡವರ ಮನೆಯ ಹೆಣ್ಣುಮಕ್ಕಳು ಅಂತಲೇ?

ಆ ಹುಡುಗಿ ಫೋನ್ ಮಾಡಲಿಲ್ಲ. ನಾವಿಬ್ಬರೂ ಕೂತು ಸರ್ಕಾರಿ ಜಿಎನ್‌ಎಂ ಶಾಲೆಗಳ ಪಟ್ಟಿ ತೆಗೆದೆವು, ಮಾನ್ಯತೆ ಇದೆಯಾ ಅಂತ ನರ್ಸಿಂಗ್ ಕೌನ್ಸಿಲ್ ಪಟ್ಟಿಯಲ್ಲಿ ಒಂದೊಂದಾಗಿ ನೋಡಿದೆವು. ಅರ್ಜಿ ಹಾಕಿದ್ದಾಳೆ. ಸೀಟು ಸಿಗುತ್ತೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ.