ರೈಟ್ ಸಹೋದರರ ಸಹಿ ಇರುವ ಫೋಟೋ ಅಸಲಿಯೇ? ಆರ್ವಿಲ್ ಬದುಕೇ ಸುಳಿವು ಕೊಡುತ್ತದೆ

ರೈಟ್ ಸಹೋದರರು ಸಹಿ ಹಾಕಿದ ಫೋಟೋ, ಪತ್ರ, ಚೆಕ್‌ಗಳನ್ನು ಸಂಗ್ರಹಿಸುವವರು ಜಗತ್ತಿನ ಎಲ್ಲ ಕಡೆ ಇದ್ದಾರೆ. ಬೆಲೆ ಇರುವ ಕಡೆ ನಕಲಿಯೂ ಇರುತ್ತದೆ. ಹಳದಿಯಾದ ಫೋಟೋ, ಕೆಳಗೆ ವಿಲ್ಬರ್ ಮತ್ತು ಆರ್ವಿಲ್ ಇಬ್ಬರ ಸಹಿ, ಪಕ್ಕದಲ್ಲಿ 1920 ಎಂಬ ಇಸವಿ. ಇಂಥದ್ದೊಂದು ನಿಮ್ಮ ಗ್ರೂಪ್‌ಗೆ ಬಂದರೆ ಅದು ಸುಳ್ಳು ಎಂದು ಒಂದೇ ನಿಮಿಷದಲ್ಲಿ ಹೇಳಬಹುದು. ಹೇಗೆ ಎಂದು ತಿಳಿಯಲು ತಮ್ಮ ಆರ್ವಿಲ್‌ನ ಬದುಕು ಗೊತ್ತಿರಬೇಕು.

ಆರ್ವಿಲ್ ರೈಟ್ ಹುಟ್ಟಿದ್ದು 1871ರ ಆಗಸ್ಟ್ 19ರಂದು, ಅಮೆರಿಕದ ಓಹಾಯೋ ರಾಜ್ಯದ ಡೇಟನ್‌ನಲ್ಲಿ. ತಂದೆ ಚರ್ಚ್ ಬಿಷಪ್. ಹೈಸ್ಕೂಲ್ ಮುಗಿಸಲಿಲ್ಲ, ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಮೊದಲು ಮುದ್ರಣ ಕೆಲಸ, 1892ರಲ್ಲಿ ಅಣ್ಣನ ಜೊತೆ ಸೈಕಲ್ ಅಂಗಡಿ. 1896ರಲ್ಲಿ ಟೈಫಾಯ್ಡ್ ಬಂದು ವಾರಗಟ್ಟಲೆ ಸಾವು ಬದುಕಿನ ನಡುವೆ ಇದ್ದರು. ಅಣ್ಣ ಮತ್ತು ತಂಗಿ ಕ್ಯಾಥರೀನ್ ಆರೈಕೆ ಮಾಡಿ ಉಳಿಸಿಕೊಂಡರು.

1903ರ ಡಿಸೆಂಬರ್ 14ರಂದು ಯಾರು ಮೊದಲು ಹಾರಬೇಕು ಎಂದು ಇಬ್ಬರೂ ನಾಣ್ಯ ಚಿಮ್ಮಿದರು. ಗೆದ್ದದ್ದು ವಿಲ್ಬರ್, ಆದರೆ ವಿಮಾನ ಏರಿದ ಕೂಡಲೇ ಕುಸಿಯಿತು. ರಿಪೇರಿಯಾದ ಮೇಲೆ 17ರಂದು ಆರ್ವಿಲ್ ಸರದಿ. ನಾರ್ತ್ ಕೆರೊಲಿನಾದ ಕಿಲ್ ಡೆವಿಲ್ ಹಿಲ್ಸ್‌ನಲ್ಲಿ ಬೆಳಿಗ್ಗೆ 10.35ಕ್ಕೆ 12 ಸೆಕೆಂಡು, 120 ಅಡಿ. ಅದೇ ದಿನದ ನಾಲ್ಕನೇ ಹಾರಾಟದಲ್ಲಿ ವಿಲ್ಬರ್ 59 ಸೆಕೆಂಡು, 852 ಅಡಿ ಹೋದರು. ಸ್ವಲ್ಪ ಹೊತ್ತಿಗೆ ಗಾಳಿ ಬಂದು ವಿಮಾನವನ್ನು ಉರುಳಿಸಿತು. ಅದು ಮತ್ತೆಂದೂ ಹಾರಲಿಲ್ಲ.

ಮನೆಗೆ ಕಳಿಸಿದ ಟೆಲಿಗ್ರಾಂನಲ್ಲಿ ಎರಡು ತಪ್ಪು ನುಸುಳಿದವು. 59 ಸೆಕೆಂಡು 57 ಆಯಿತು, ಆರ್ವಿಲ್ ಹೆಸರಿನ ಸ್ಪೆಲ್ಲಿಂಗೂ ಕೆಟ್ಟಿತು. ತಪ್ಪಿದೆ ಎಂಬ ಒಂದೇ ಕಾರಣಕ್ಕೆ ಹಳೆಯ ಕಾಗದವನ್ನು ನಕಲಿ ಎನ್ನುವಂತಿಲ್ಲ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ಆ ದಿನದ ಪ್ರಸಿದ್ಧ ಫೋಟೋ ತೆಗೆದದ್ದು ಜಾನ್ ಡೇನಿಯಲ್ಸ್, ಕಡಲ ತೀರದ ರಕ್ಷಣಾ ಠಾಣೆಯ ಸಿಬ್ಬಂದಿ. ಕ್ಯಾಮೆರಾವನ್ನು ಸರಿಯಾಗಿ ನಿಲ್ಲಿಸಿ ಕೊಟ್ಟದ್ದು ಆರ್ವಿಲ್. 1913ರಲ್ಲಿ ಡೇಟನ್‌ಗೆ ಭಾರೀ ಪ್ರವಾಹ ಬಂದು, ಈ ಫೋಟೋದ ಗಾಜಿನ ನೆಗೆಟಿವ್ ನೀರಲ್ಲಿ ನೆನೆದು ಅದರ ಒಂದು ಮೂಲೆ ಹಾಳಾಯಿತು. ಹಾಗಾಗಿ ಒಂದು ಪ್ರಿಂಟ್ ಪ್ರವಾಹಕ್ಕೆ ಮೊದಲಿನದೋ ನಂತರದ್ದೋ ಎಂದು ತಿಳಿಯಲು ಸಂಗ್ರಾಹಕರು ಮೊದಲು ನೋಡುವುದು ಆ ಮೂಲೆಯನ್ನೇ.

1908ರ ಸೆಪ್ಟೆಂಬರ್ 17ರಂದು ಫೋರ್ಟ್ ಮಯರ್‌ನಲ್ಲಿ ಸೇನೆಗೆ ಪ್ರದರ್ಶನ ಕೊಡುವಾಗ ಆರ್ವಿಲ್ ವಿಮಾನ ಬಿತ್ತು. ಜೊತೆಗಿದ್ದ ಲೆಫ್ಟಿನೆಂಟ್ ಥಾಮಸ್ ಸೆಲ್‌ಫ್ರಿಜ್ ತೀರಿಕೊಂಡರು. ಆರ್ವಿಲ್ ಕಾಲು, ಪಕ್ಕೆಲುಬು ಮುರಿದವು. ಆ ನೋವು ಕೊನೆಯವರೆಗೂ ಬಿಡಲಿಲ್ಲ.

ಇನ್ನು 1920ರ ಸಹಿಯ ವಿಷಯ. ವಿಲ್ಬರ್ 1912ರ ಮೇ 30ರಂದು 45ನೇ ವಯಸ್ಸಿಗೇ ತೀರಿಕೊಂಡರು. ತಮ್ಮನನ್ನು ಬಿಟ್ಟುಹೋಗಿದ್ದ ಅದೇ ಟೈಫಾಯ್ಡ್ ಅಣ್ಣನನ್ನು ಕೊಂಡೊಯ್ದಿತು. ಹಾಗಾಗಿ ಆ ದಿನದ ನಂತರ ಇಬ್ಬರೂ ಸೇರಿ ಸಹಿ ಹಾಕಿದ ವಸ್ತು ಇರಲು ಸಾಧ್ಯವೇ ಇಲ್ಲ. ವಿಲ್ಬರ್ ಸಹಿ ಅಪರೂಪ, ಬೆಲೆ ಹೆಚ್ಚು. ಆರ್ವಿಲ್ ಇನ್ನೂ 36 ವರ್ಷ ಬದುಕಿದ್ದರಿಂದ ಅವರ ಸಹಿ ಇರುವ ಬ್ಯಾಂಕ್ ಚೆಕ್‌ಗಳು ಇಂದಿಗೂ ಮಾರಾಟಕ್ಕೆ ಬರುತ್ತವೆ. ವಿಲ್ಬರ್ ಸಹಿ ಬಾಲ್ ಪೆನ್ನಿನಲ್ಲಿದ್ದರೆ ಮುಂದೆ ಪರಿಶೀಲಿಸುವ ಅಗತ್ಯವೇ ಇಲ್ಲ: ಅಮೆರಿಕದ ಅಂಗಡಿಗೆ ಬಾಲ್ ಪೆನ್ ಬಂದದ್ದೇ 1945ರಲ್ಲಿ. ಭೂತಗನ್ನಡಿ ಹಿಡಿದಾಗ ಸಹಿ ಸಣ್ಣ ಸಣ್ಣ ಚುಕ್ಕಿಗಳಾಗಿ ಕಂಡರೆ ಅದು ಅಚ್ಚು ಹಾಕಿದ್ದು, ಕೈಯಲ್ಲಿ ಬರೆದದ್ದಲ್ಲ.

ಆದರೆ ಆರ್ವಿಲ್ ಮುಂದೆ ಇದ್ದ ದೊಡ್ಡ ಪ್ರಶ್ನೆ ಸಹಿಯದ್ದಲ್ಲ, ಚರಿತ್ರೆಯದ್ದು. ಸ್ಮಿತ್ಸೋನಿಯನ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಲ್ಯಾಂಗ್ಲಿ ಅವರ ವಿಮಾನ 1903ರಲ್ಲೇ ನದಿಗೆ ಬಿದ್ದಿತ್ತು. 1914ರಲ್ಲಿ ಅದನ್ನು ಸಾಕಷ್ಟು ಬದಲಾಯಿಸಿ ಹಾರಿಸಲಾಯಿತು. ಮನುಷ್ಯನನ್ನು ಹೊತ್ತು ಹಾರಬಲ್ಲ ಮೊದಲ ವಿಮಾನ ಅದೇ ಎಂದು ಸಂಸ್ಥೆ ಹೇಳಿಕೊಂಡಿತು. ಸಿಟ್ಟಾದ ಆರ್ವಿಲ್ 1928ರಲ್ಲಿ ತಮ್ಮ ವಿಮಾನವನ್ನು ಲಂಡನ್ನಿನ ಸೈನ್ಸ್ ಮ್ಯೂಸಿಯಂಗೆ ಕಳಿಸಿಬಿಟ್ಟರು. ಸಂಸ್ಥೆ ತಪ್ಪು ಒಪ್ಪಿಕೊಂಡದ್ದು 1942ರಲ್ಲಿ. ಹೆಸರಾಂತ ಸಂಸ್ಥೆ ಹೇಳಿದ ಮಾತ್ರಕ್ಕೆ ಆರ್ವಿಲ್ ಒಪ್ಪಿ ಸುಮ್ಮನಾಗಲಿಲ್ಲ ಎಂಬುದೇ ನನಗೆ ಇಷ್ಟವಾಗುವ ಸಂಗತಿ.

ನಮ್ಮ ಕಡೆಯ ಫಾರ್ವರ್ಡ್ ಒಂದಿದೆಯಲ್ಲ, 1895ರಲ್ಲೇ ಮುಂಬೈಯಲ್ಲಿ ತಳಪದೆ ವಿಮಾನ ಹಾರಿಸಿದರು ಎಂದು? ಅದರ ಜೊತೆ ಹೆಸರಿಸುವ ವೈಮಾನಿಕ ಶಾಸ್ತ್ರವನ್ನು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಪರಿಶೀಲಿಸಿದ್ದಾರೆ. ಅದರಲ್ಲಿ ಬರೆದಿರುವ ವಿಮಾನಗಳು ಹಾರುವಂಥವಲ್ಲ ಎಂಬುದು ಅವರ ತೀರ್ಮಾನ.

ಆರ್ವಿಲ್ 1948ರ ಜನವರಿ 30ರಂದು ತೀರಿಕೊಂಡರು. ಅದೇ ವರ್ಷದ ಡಿಸೆಂಬರ್ 17ರಂದು ವಿಮಾನ ಸ್ಮಿತ್ಸೋನಿಯನ್‌ನಲ್ಲಿ ಪ್ರದರ್ಶನಕ್ಕೆ ಬಂತು, ಅವರು ನೋಡಲಿಲ್ಲ. ಲಂಡನ್ನಿಗೆ ಕಳಿಸುವ ಮುನ್ನ, 1927ರಲ್ಲಿ, ಅವರು ರೆಕ್ಕೆಗಳಿಗೆ ಹೊಸ ಬಟ್ಟೆ ಹೊದಿಸಿ ಹಳೆಯದನ್ನು ಎತ್ತಿಟ್ಟಿದ್ದರು. ಅದರ ಚೂರುಗಳು ಈಗ ಸಂಗ್ರಾಹಕರಿಗೆ ಚಿನ್ನ, ಆರ್ವಿಲ್ ಸಹಿಯ ದೃಢೀಕರಣ ಇದ್ದರಂತೂ ಇನ್ನೂ ಹೆಚ್ಚು. ಮೂಲ ಬಟ್ಟೆಯ ಒಂದು ತುಣುಕನ್ನು 1969ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನಲ್ಲಿಗೆ ಒಯ್ದರು. ಇನ್ನೊಂದು ಚೂರು ಇನ್‌ಜೆನ್ಯುಯಿಟಿ ಹೆಲಿಕಾಪ್ಟರ್‌ಗೆ ಅಂಟಿಕೊಂಡು 2021ರಲ್ಲಿ ಮಂಗಳ ಗ್ರಹ ಸೇರಿತು.